ಕಾಫಿ ಮಾರಿದ ಹಣದಲ್ಲಿ ನಿಫ್ಟಿ ಫ್ಯೂಚರ್ಸ್ ಸ್ಕಾಲ್ಪಿಂಗ್ ಕಲಿಯಬಹುದೇ?

ಸುಂಟಿಕೊಪ್ಪದ ಬೆಳೆಗಾರ (ಪ್ರಶ್ನೆ), 6 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮಗೆ ಏಳು ಎಕರೆ ರೊಬಸ್ಟಾ ತೋಟವಿದೆ, ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮಳೆಗಾಲ ಹಿಡಿದ ಮೇಲೆ ತೋಟದಲ್ಲಿ ಕೆಲಸ ಸಾಗುವುದಿಲ್ಲವಾದ್ದರಿಂದ, ಎರಡು ತಿಂಗಳಿನಿಂದ ಮನೆಯಲ್ಲೇ ಕುಳಿತು ಇಂಟ್ರಾಡೇ (ಅದೇ ದಿನ ಕೊಂಡು ಮಾರುವ) ವಹಿವಾಟಿನ ವಿಡಿಯೋಗಳನ್ನು ನೋಡುತ್ತಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿಯ ಇ-ಮಿನಿ ಎಸ್ ಅಂಡ್ ಪಿ ಫ್ಯೂಚರ್ಸ್‌ನಲ್ಲಿ (ಷೇರು ಸೂಚ್ಯಂಕವನ್ನು ಮುಂದಿನ ದಿನಾಂಕಕ್ಕೆ ಕೊಳ್ಳುವ, ಮಾರುವ ಒಪ್ಪಂದದಲ್ಲಿ) ಒಬ್ಬ ಶಿಕ್ಷಕರು ಗಂಟೆಗೆ ಎಂಟು ಹತ್ತು ಬಾರಿ ಕೊಂಡು ಮಾರಿ, ಪ್ರತಿ ಸಲ ಒಂದೆರಡು ಪಾಯಿಂಟ್ ಮಾತ್ರ ತೆಗೆದುಕೊಂಡು ಹೊರಬರುತ್ತಾರೆ. ರಾತ್ರಿಗೆ ಏನನ್ನೂ ಉಳಿಸಿಕೊಳ್ಳದ, ಸ್ಕಾಲ್ಪಿಂಗ್ ಎನ್ನುವ ಈ ಕ್ರಮ ನನ್ನಂಥವನಿಗೆ ಸರಿಹೊಂದುತ್ತದೆ ಎನಿಸಿತು.

ಈ ವರ್ಷ ಚೆರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ಒಳ್ಳೆಯ ದರ ಸಿಕ್ಕಿದ್ದರಿಂದ, ಸಾಲದ ಕಂತು ಮತ್ತು ಗೊಬ್ಬರದ ಖರ್ಚು ಕಳೆದು ಆರು ಲಕ್ಷ ರೂಪಾಯಿ ಬ್ಯಾಂಕಿನಲ್ಲಿದೆ. ನಮ್ಮ ಷೇರು ಸೂಚ್ಯಂಕವಾದ ನಿಫ್ಟಿಯ ಫ್ಯೂಚರ್ಸ್‌ನ ಒಂದು ಲಾಟಿನಲ್ಲಿ (ಕನಿಷ್ಠ ಪ್ರಮಾಣದಲ್ಲಿ) ಪ್ರತಿ ಬಾರಿ ಐದು ಪಾಯಿಂಟ್ ಲಾಭ, ಐದು ಪಾಯಿಂಟ್ ಸ್ಟಾಪ್‌ಲಾಸ್ (ಅಷ್ಟು ನಷ್ಟವಾದರೆ ಹೊರಬರುವ ಮಿತಿ) ಎಂದು ನಿಯಮ ಮಾಡಿಕೊಂಡು, ಹಣ ಹಾಕದೆ ಹದಿನೈದು ದಿನ ನೋಟ್ ಪುಸ್ತಕದಲ್ಲಿ ಬರೆದು ನೋಡಿದೆ. ಒಟ್ಟು 60 ವಹಿವಾಟುಗಳಲ್ಲಿ 44 ಗೆದ್ದವು, 16 ಸೋತವು. ಇದನ್ನು ನೋಡಿ ಧೈರ್ಯ ಬಂದಿದೆ. ಆರು ಲಕ್ಷ ಸಾಕಾಗುತ್ತದೆಯೇ? ಒಂದು ನಿಮಿಷದ ಚಾರ್ಟ್ ನೋಡಬೇಕೇ, ಐದು ನಿಮಿಷದ್ದೇ? ನಮ್ಮಲ್ಲಿ ಗಾಳಿ ಮಳೆಗೆ ಕರೆಂಟ್ ಹೋದರೆ ಎರಡು ದಿನ ಬಾರದಿರುವುದೂ ಉಂಟು. ಕೊಡಗಿನಲ್ಲೇ ಕುಳಿತು ಈ ಕೆಲಸ ಮಾಡುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಅನುಭವ ತಿಳಿಸಿ.

ಮಡಿಕೇರಿ ಲೆಕ್ಕಿಗ

ಹದಿನೈದು ದಿನ ಒಂದನ್ನೂ ಬಿಡದೆ ಬರೆದಿಟ್ಟಿದ್ದೀರಲ್ಲ, ಅದಕ್ಕೆ ಮೊದಲು ಮೆಚ್ಚುಗೆ ಹೇಳಬೇಕು. ಏಕೆಂದರೆ ಹೆಚ್ಚಿನವರು ಆ ಶ್ರಮ ತೆಗೆದುಕೊಳ್ಳುವುದೇ ಇಲ್ಲ. ಆದರೆ ಆ ಪುಸ್ತಕದಲ್ಲಿ ಖರ್ಚಿನ ಕಾಲಂ ಇಲ್ಲವೆಂದು ನನ್ನ ಊಹೆ. ಚಾರ್ಟ್ ಯಾವುದು ಎಂಬ ಪ್ರಶ್ನೆಗಿಂತ ಮೊದಲು ಅದನ್ನು ತುಂಬಿಸೋಣ.

ಲೆಕ್ಕ ಸುಲಭವಾಗಲೆಂದು ನಿಫ್ಟಿ 25,000ದಲ್ಲಿದೆ ಎಂದುಕೊಳ್ಳಿ. 2025ರ ಆಗಸ್ಟ್‌ನಲ್ಲಿ ಒಂದು ಲಾಟ್ ಎಂದರೆ 75 ಯೂನಿಟ್. ಅಂದರೆ ನೀವು ಕೊಳ್ಳುವ ಒಪ್ಪಂದದ ಮೌಲ್ಯ 18,75,000 ರೂಪಾಯಿ. ಮಾರ್ಜಿನ್ ಎಂಬ ಭದ್ರತಾ ಹಣವಾಗಿ ನೀವು ಕಟ್ಟುವುದು ಎರಡೂಕಾಲು ಲಕ್ಷದ ಆಸುಪಾಸು ಇರಬಹುದು, ಆದರೆ ತೆರಿಗೆ ಮತ್ತು ಶುಲ್ಕಗಳನ್ನು ಲೆಕ್ಕ ಹಾಕುವುದು ಆ ಎರಡೂಕಾಲು ಲಕ್ಷದ ಮೇಲಲ್ಲ, ಪೂರ್ತಿ ಹದಿನೆಂಟೂಮುಕ್ಕಾಲು ಲಕ್ಷದ ಮೇಲೆ. ಮಾರುವಾಗ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) 2025ರ ದರದಲ್ಲಿ ಶೇಕಡಾ 0.02, ಅಂದರೆ 375 ರೂಪಾಯಿ. 2024ರ ಅಕ್ಟೋಬರ್ 1ಕ್ಕೆ ಮೊದಲು ಇದು ಶೇಕಡಾ 0.0125 ಇತ್ತು. ಎರಡೂ ಕಡೆ ಸೇರಿ ಎನ್‌ಎಸ್‌ಇ (ಷೇರು ವಿನಿಮಯ ಕೇಂದ್ರ) ವಹಿವಾಟು ಶುಲ್ಕ ಸುಮಾರು 65, ಕೊಳ್ಳುವಾಗ ಸ್ಟ್ಯಾಂಪ್ ಶುಲ್ಕ ಸುಮಾರು 37, ಕಡಿಮೆ ದರದ ಬ್ರೋಕರ್ ಬಳಿ ಹೋಗಿ ಬರುವ ಬ್ರೋಕರೇಜ್ 40, ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಶುಲ್ಕ ನಾಲ್ಕು ರೂಪಾಯಿ, ಇವುಗಳಲ್ಲಿ ಕೆಲವಕ್ಕೆ ಶೇಕಡಾ 18 ಜಿಎಸ್‌ಟಿ ಸುಮಾರು 20. ಎಲ್ಲ ಕೂಡಿದರೆ ಒಮ್ಮೆ ಕೊಂಡು ಮಾರಲು 540 ರೂಪಾಯಿಯಷ್ಟಾಗುತ್ತದೆ. ಇದನ್ನು 75ರಿಂದ ಭಾಗಿಸಿದರೆ 7.2 ಪಾಯಿಂಟ್.

ಈಗ ನಿಮ್ಮ ಪುಸ್ತಕಕ್ಕೆ ಬರೋಣ. 44 ಗೆಲುವಿನಿಂದ 220 ಪಾಯಿಂಟ್ ಬಂತು, 16 ಸೋಲಿನಿಂದ 80 ಹೋಯಿತು, ಉಳಿದದ್ದು 140 ಪಾಯಿಂಟ್, ಅಂದರೆ 10,500 ರೂಪಾಯಿ. ಅರುವತ್ತು ವಹಿವಾಟಿನ ಖರ್ಚು 32,400 ರೂಪಾಯಿ. ನೂರರಲ್ಲಿ ಎಪ್ಪತ್ತಮೂರು ಸಲ ಸರಿಯಾಗಿ ಊಹಿಸಿಯೂ ನಿಮ್ಮ ಕೈಯಿಂದ 21,900 ರೂಪಾಯಿ ಹೋಗುತ್ತಿತ್ತು. ಐದು ಪಾಯಿಂಟ್ ಗುರಿ ಇಟ್ಟುಕೊಂಡರೆ ಅರುವತ್ತಕ್ಕೆ ಅರುವತ್ತು ಗೆದ್ದರೂ ನಷ್ಟವೇ, ಏಕೆಂದರೆ ಗೆದ್ದಾಗ ಬರುವ 375 ರೂಪಾಯಿಯಷ್ಟನ್ನೂ ಎಸ್‌ಟಿಟಿಯೊಂದೇ ತೆಗೆದುಕೊಂಡುಬಿಡುತ್ತದೆ.

ವಿಡಿಯೋದ ಶಿಕ್ಷಕರು ಸುಳ್ಳು ಹೇಳುತ್ತಿದ್ದಾರೆಂದಲ್ಲ. ಅವರ ಇ-ಮಿನಿಯಲ್ಲಿ ಒಂದು ಪಾಯಿಂಟ್‌ಗೆ 50 ಡಾಲರ್. ಟಿಕ್ ಎನ್ನುವ ಅತಿ ಚಿಕ್ಕ ಏರಿಳಿತವಾದ ಕಾಲು ಪಾಯಿಂಟ್‌ಗೆ 12.50 ಡಾಲರ್. ನಮ್ಮ ಎಸ್‌ಟಿಟಿಯಂಥ, ಒಪ್ಪಂದದ ಪೂರ್ತಿ ಮೌಲ್ಯದ ಮೇಲಿನ ತೆರಿಗೆ ಅಲ್ಲಿಲ್ಲದ ಕಾರಣ, ಹೋಗಿ ಬರುವ ಖರ್ಚು ಸಾಮಾನ್ಯವಾಗಿ ಆ ಒಂದು ಟಿಕ್‌ನ ಬೆಲೆಯೊಳಗೇ ಮುಗಿಯುತ್ತದೆ. ಎರಡು ಪಾಯಿಂಟ್ ತೆಗೆದರೆ ಅವರಿಗೆ ಹೆಚ್ಚಿನ ಭಾಗ ಉಳಿಯುತ್ತದೆ. ಆ ಕ್ರಮವನ್ನು ಹಾಗೆಯೇ ಎತ್ತಿ ತಂದು ನಿಫ್ಟಿಯ ಮೇಲೆ ಇಟ್ಟರೆ ಉಳಿಯುವುದಿಲ್ಲ. ಹಾಗಾದರೆ ಅಲ್ಲೇ ವಹಿವಾಟು ಮಾಡೋಣವೆಂದರೆ, ವಿದೇಶಿ ಎಕ್ಸ್‌ಚೇಂಜಿಗೆ ಮಾರ್ಜಿನ್ ಹಣ ಕಳುಹಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿಲ್ಲ.

ವಿರಾಜಪೇಟೆ ಕಡೆಯವನು

ಲೆಕ್ಕಿಗರು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇದು ಓಟಿ (ಚೆರಿಯಿಂದ ಸಿಗುವ ಬೇಳೆಯ ಪ್ರಮಾಣ) ನೋಡದೆ ಚೆರಿ ಮಾರಿದ ಹಾಗೆ. ಐವತ್ತು ಕಿಲೋ ಚೀಲ ತೂಗಿ ಐವತ್ತು ಕಿಲೋ ಕಾಫಿ ಎಂದು ನಾವ್ಯಾರೂ ಎಣಿಸುವುದಿಲ್ಲ. ಸ್ಯಾಂಪಲ್ ಒಡೆಸಿ, ಸಿಪ್ಪೆ ಹೋಗಿ, ಬೇಳೆ ಇಪ್ಪತ್ತಾರು ಬಂತೋ ಇಪ್ಪತ್ತೆಂಟು ಬಂತೋ ನೋಡಿ ದರ ಮಾತಾಡುತ್ತೇವೆ. ಪಾಯಿಂಟ್ ಎಂದರೆ ಚೆರಿಯ ತೂಕ. ಸಂಜೆ ಬ್ರೋಕರಿನಿಂದ ಬರುವ ಲೆಕ್ಕಪತ್ರದ, ಅಂದರೆ ಕಾಂಟ್ರಾಕ್ಟ್ ನೋಟಿನ ಕೊನೆಯ ಸಾಲಿನಲ್ಲಿರುವುದು ಬೇಳೆ.

ಕರೆಂಟಿನ ಪ್ರಶ್ನೆಗೆ ನನಗೇ ಆದದ್ದನ್ನು ಹೇಳುತ್ತೇನೆ. ಈ ಜೂನ್‌ನಲ್ಲಿ ಒಂದು ಬೆಳಿಗ್ಗೆ ಒಂದು ಲಾಟ್ ಕೊಂಡೆ. 30 ಪಾಯಿಂಟ್ ಕೆಳಗೆ ಸ್ಟಾಪ್‌ಲಾಸ್, 40 ಪಾಯಿಂಟ್ ಮೇಲೆ ಟಾರ್ಗೆಟ್ ಎಂದು ಎರಡು ಬೇರೆ ಬೇರೆ ಮಾರಾಟದ ಆರ್ಡರ್ ಹಾಕಿದೆ. ಖಾತೆಯಲ್ಲಿ ಇನ್ನೊಂದು ಲಾಟಿಗೆ ಸಾಲುವಷ್ಟು ಹಣವಿದ್ದುದರಿಂದ ಎರಡೂ ಆರ್ಡರ್ ಸ್ವೀಕಾರವಾದವು. ಹನ್ನೊಂದರ ಹೊತ್ತಿಗೆ ಗಾಳಿ ಎದ್ದು ರಸ್ತೆಯ ಬದಿಯ ಸಿಲ್ವರ್ ಮರವೊಂದು ತಂತಿಯ ಮೇಲೆ ಬಿತ್ತು. ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ, ಲ್ಯಾಪ್‌ಟಾಪ್ ನಡೆಯುತ್ತಲೇ ಇತ್ತು, ಆದರೆ ಸ್ವಲ್ಪ ಹೊತ್ತಿನಲ್ಲಿ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದು ಸಿಗ್ನಲ್ ಹೋಯಿತು. ಸ್ಟಾಪ್‌ಲಾಸ್ ಇರುವುದು ಎಕ್ಸ್‌ಚೇಂಜಿನ ಕಂಪ್ಯೂಟರಿನಲ್ಲಿ, ನನ್ನ ಫೋನಿನಲ್ಲಲ್ಲ ಎಂದು ಗೊತ್ತಿದ್ದ ಕಾರಣ ನಿಶ್ಚಿಂತೆಯಿಂದ ಅನ್ನ ಉಂಡೆ.

ಒಂದೂವರೆಗೆ ಸಿಗ್ನಲ್ ಬಂದಾಗ ನೋಡಿದರೆ, ಮಾರುಕಟ್ಟೆ ಮೊದಲು ಕೆಳಗೆ ಬಂದು ಸ್ಟಾಪ್‌ಲಾಸ್ ಆಗಿತ್ತು. ಆಮೇಲೆ ಅದು ತಿರುಗಿ ಮೇಲೇರಿದಾಗ, ಯಾರೂ ರದ್ದು ಮಾಡದೆ ಅಲ್ಲೇ ಉಳಿದಿದ್ದ ಟಾರ್ಗೆಟ್ ಆರ್ಡರ್ ಕೂಡ ಆಗಿತ್ತು. ಮಾರಲು ಕೈಯಲ್ಲಿ ಏನೂ ಇಲ್ಲದಿದ್ದರಿಂದ ಅದು ಹೊಸ ಶಾರ್ಟ್ (ಮೊದಲು ಮಾರಿ, ಆಮೇಲೆ ಕೊಳ್ಳಬೇಕಾದ ವಹಿವಾಟು) ಆಗಿ ನಿಂತಿತ್ತು, ಬೆಲೆ ಅಲ್ಲಿಂದ ಇನ್ನೂ 52 ಪಾಯಿಂಟ್ ಏರಿತ್ತು. ಎರಡೂ ಸೇರಿ 82 ಪಾಯಿಂಟ್, 6,150 ರೂಪಾಯಿ. ಎರಡು ಸಲದ ಖರ್ಚು ಸೇರಿಸಿದರೆ ಏಳು ಸಾವಿರ ದಾಟಿತು. ತಪ್ಪು ನನ್ನದೇ. ಅಂದಿನಿಂದ ಎಕ್ಸ್‌ಚೇಂಜಿನಲ್ಲಿ ಸ್ಟಾಪ್‌ಲಾಸ್ ಒಂದನ್ನು ಮಾತ್ರ ಬಿಟ್ಟು, ಲಾಭದ ಕಡೆ ಕೈಯಿಂದಲೇ ಹೊರಬರುತ್ತೇನೆ. ಬೇರೆ ಕಂಪನಿಯ ಸಿಮ್ ಹಾಕಿದ ಎರಡನೆಯ ಫೋನ್ ಮೇಜಿನ ಮೇಲಿರುತ್ತದೆ. ಬ್ರೋಕರಿನ ದೂರವಾಣಿ ಸಂಖ್ಯೆ ಮತ್ತು ನನ್ನ ಗ್ರಾಹಕ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದೇನೆ. ರೆಡ್ ಅಲರ್ಟ್ ಇರುವ ದಿನ ಕಂಪ್ಯೂಟರನ್ನೇ ತೆರೆಯುವುದಿಲ್ಲ.

ಸುಂಟಿಕೊಪ್ಪದ ಬೆಳೆಗಾರ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅರುವತ್ತೂ ಸಾಲುಗಳ ಎದುರು 540 ಎಂದು ಬರೆಯುತ್ತಾ ಬಂದೆ. ಎರಡು ಪುಟ ಬರೆಯುವಷ್ಟರಲ್ಲಿ ಎದೆ ಭಾರವಾಯಿತು. ಹಾಗಿದ್ದರೆ ಗುರಿಯನ್ನು ದೊಡ್ಡದು ಮಾಡಿ, ದಿನಕ್ಕೆ ಒಂದೆರಡೇ ವಹಿವಾಟು ಮಾಡಿದರೆ ಕಲಿಯಲು ದಾರಿಯಿದೆಯೇ? ಅಥವಾ ಈ ಕೆಲಸವನ್ನೇ ಬಿಡಬೇಕೆಂದು ನಿಮ್ಮೆಲ್ಲರ ಅಭಿಪ್ರಾಯವೇ?

ಕುಶಾಲನಗರ ವಾಸಿ

ನಾನು ಹನ್ನೊಂದು ವರ್ಷಗಳಿಂದ ಈ ಮಾರುಕಟ್ಟೆಯಲ್ಲಿದ್ದೇನೆ. ಮೊದಲ ನಾಲ್ಕು ವರ್ಷ ಕಳೆದುಕೊಂಡವನು. ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ಆದರೆ ನೀವು ಯಾರ ಎದುರು ಕೂರುತ್ತೀರಿ ಎಂಬುದು ತಿಳಿದಿರಬೇಕು. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಕೊಳ್ಳುವ ಅಥವಾ ಮಾರುವ ಹಕ್ಕಿನ ಒಪ್ಪಂದ) ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡಾ 93 ಜನರಿಗೆ ನಷ್ಟವಾಗಿದೆ, ಅದೂ ಖರ್ಚು ಸೇರಿಸಿ ಸರಾಸರಿ ತಲಾ ಎರಡು ಲಕ್ಷ ರೂಪಾಯಿಯಷ್ಟು. 2025ರ ಜುಲೈನಲ್ಲಿ ಬಂದ ಮತ್ತೊಂದು ವರದಿಯಲ್ಲಿ 2024–25ಕ್ಕೆ ಆ ಪ್ರಮಾಣ ಶೇಕಡಾ 91. ಇದರಲ್ಲಿ ಆಪ್ಷನ್ಸ್ ಮಾಡಿದವರೇ ಹೆಚ್ಚಿರುವುದರಿಂದ ಎಲ್ಲವೂ ಫ್ಯೂಚರ್ಸ್‌ಗೆ ಹಾಗೆಯೇ ಅನ್ವಯಿಸುವುದಿಲ್ಲ. ಆದರೆ ಮೊದಲ ವರದಿಯ ಇನ್ನೊಂದು ಮಾತು ಸ್ಕಾಲ್ಪಿಂಗ್ ಮಾಡಹೊರಟವರಿಗೆ ನೇರವಾಗಿ ತಾಗುತ್ತದೆ: 2023–24ರಲ್ಲಿ ವಿದೇಶಿ ಹೂಡಿಕೆದಾರರ ಲಾಭದಲ್ಲಿ ಶೇಕಡಾ 97, ಸ್ವಂತ ಹಣದಲ್ಲಿ ವಹಿವಾಟು ಮಾಡುವ ಸಂಸ್ಥೆಗಳ ಲಾಭದಲ್ಲಿ ಶೇಕಡಾ 96 ಬಂದದ್ದು ಕಂಪ್ಯೂಟರ್ ಪ್ರೋಗ್ರಾಂಗಳು ತಾವಾಗಿಯೇ ಮಾಡಿದ ವಹಿವಾಟಿನಿಂದ. ಅವರ ಯಂತ್ರಗಳು ಎಕ್ಸ್‌ಚೇಂಜಿನ ಪಕ್ಕದ ಕೋಣೆಯಲ್ಲೇ ಇರುತ್ತವೆ. ಐದು ಪಾಯಿಂಟಿನ ಓಟದಲ್ಲಿ ಅವುಗಳನ್ನು ಸುಂಟಿಕೊಪ್ಪದಿಂದ ಹಿಂದೆ ಹಾಕಲಾಗುವುದಿಲ್ಲ. ಒಂದೆರಡು ಗಂಟೆಯ ಚಲನೆಯಲ್ಲಿ ಮಾತ್ರ ಅವುಗಳ ವೇಗಕ್ಕೆ ಅಷ್ಟು ಬೆಲೆಯಿಲ್ಲ.

ಗುರಿ ದೊಡ್ಡದಾದರೆ ಏನಾಗುತ್ತದೆಂದು ಲೆಕ್ಕಿಗರ 540 ರೂಪಾಯಿಯನ್ನೇ ಇಟ್ಟುಕೊಂಡು ನೋಡಿ. ಹತ್ತು ಪಾಯಿಂಟ್ ಗುರಿ, ಹತ್ತು ಪಾಯಿಂಟ್ ಸ್ಟಾಪ್‌ಲಾಸ್ ಇಟ್ಟರೆ ಗೆದ್ದಾಗ 210 ರೂಪಾಯಿ ಬರುತ್ತದೆ, ಸೋತಾಗ 1,290 ಹೋಗುತ್ತದೆ. ಅಸಲು ಉಳಿಯಬೇಕಾದರೂ ನೂರಕ್ಕೆ 86 ಸಲ ಗೆಲ್ಲಬೇಕು. ನಲವತ್ತಕ್ಕೆ ನಲವತ್ತು ಇಟ್ಟರೆ 59 ಸಲ ಸಾಕು. ಮೂವತ್ತು ಪಾಯಿಂಟ್ ಸ್ಟಾಪ್‌ಲಾಸ್ ಇಟ್ಟು ಅರುವತ್ತರವರೆಗೆ ಕಾಯಬಲ್ಲಿರಾದರೆ ನೂರಕ್ಕೆ 41ರಿಂದ 42 ಗೆಲುವು ಸಾಕು. ಕಾಗದದ ಮೇಲೆ ಇದು ಸುಲಭವಾಗಿ ಕಾಣುತ್ತದೆ, ಆದರೆ ಗುರಿ ದೂರ ಹೋದಷ್ಟೂ ಅಲ್ಲಿಗೆ ಮುಟ್ಟುವ ಸಂದರ್ಭಗಳು ಕಡಿಮೆಯಾಗುತ್ತವೆ. ಐದು ಪಾಯಿಂಟಿಗೆ ನೀವು ಪಡೆದ ನೂರಕ್ಕೆ 73 ಗೆಲುವು ಅರುವತ್ತು ಪಾಯಿಂಟಿಗೆ ಸಿಗುವುದಿಲ್ಲ. ಆದ್ದರಿಂದ ಪುಸ್ತಕವನ್ನು ಹೊಸದಾಗಿ ಶುರು ಮಾಡಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಈ ಸಲ ಪ್ರತಿ ಸಾಲಿನಲ್ಲೂ ಒಳಗೆ ಹೋಗಲು ಕಾರಣವೇನೆಂದು ಹೋಗುವ ಮೊದಲೇ ಒಂದು ವಾಕ್ಯ ಬರೆಯಿರಿ. "ಏರುತ್ತದೆ ಅನಿಸಿತು" ಎಂಬುದು ಕಾರಣವಲ್ಲ. "ನಿನ್ನೆಯ ಗರಿಷ್ಠ ಬೆಲೆಯನ್ನು ದಾಟಿ, ಮತ್ತೆ ಅಲ್ಲಿಗೇ ಇಳಿದು ಹದಿನೈದು ನಿಮಿಷ ಅದರ ಕೆಳಗೆ ಹೋಗದೆ ನಿಂತಿತು" ಎಂಬುದು ಕಾರಣ, ಏಕೆಂದರೆ ಅದು ತಪ್ಪಾದಾಗ ಎಲ್ಲಿ ತಪ್ಪಾಯಿತೆಂಬುದೂ ಅದರಲ್ಲೇ ಇದೆ, ಸ್ಟಾಪ್‌ಲಾಸ್ ಎಲ್ಲಿಡಬೇಕೆಂಬುದೂ ಇದೆ. ಚಾರ್ಟಿನ ಬಗ್ಗೆ ಕೇಳಿದ್ದಿರಿ. ಇಂಥ ಕಾರಣಗಳಿಗೆ ಐದು ನಿಮಿಷದ್ದೂ ಹದಿನೈದು ನಿಮಿಷದ್ದೂ ಸಾಕು. ಒಂದು ನಿಮಿಷದ ಚಾರ್ಟ್ ಕೈಯನ್ನು ಸುಮ್ಮನಿರಲು ಬಿಡುವುದಿಲ್ಲ.

ಅರುವತ್ತು ಸಾಲು ಬರೆದ ಮೇಲೂ ನೇರವಾಗಿ ಫ್ಯೂಚರ್ಸ್‌ಗೆ ಬರಬೇಡಿ. ಮಿನಿ ನಿಫ್ಟಿ ಎಂಬ ಚಿಕ್ಕ ಒಪ್ಪಂದ ಹಿಂದೆ ಇತ್ತು, ಈಗಿಲ್ಲ. ಅದರ ಬದಲು ನಿಫ್ಟಿ ಬೀಸ್ ಎಂಬ ಇಟಿಎಫ್ (ಷೇರಿನಂತೆ ಕೊಂಡು ಮಾರಬಹುದಾದ ನಿಧಿ) ಅನ್ನು ನೂರು ಯೂನಿಟ್‌ನಂತೆ ಅದೇ ದಿನ ಕೊಂಡು ಮಾರಿ. ಅದರ ಒಂದು ಯೂನಿಟ್ಟಿನ ಬೆಲೆ ನಿಫ್ಟಿಯ ಸುಮಾರು ನೂರನೇ ಒಂದು ಭಾಗ. ನಿಫ್ಟಿ ನಲವತ್ತು ಪಾಯಿಂಟ್ ಆಡಿದರೆ ಇಲ್ಲಿ ನಲವತ್ತು ಪೈಸೆಯ ಆಸುಪಾಸು, ನೂರು ಯೂನಿಟ್ಟಿಗೆ ನಲವತ್ತು ರೂಪಾಯಿ. ಹಣ ಮಾಡಲು ಇದಲ್ಲ, ಖರ್ಚು ಕಳೆದರೆ ಏನೂ ಉಳಿಯುವುದಿಲ್ಲ. ಆದರೆ ನಿಜವಾದ ಹಣ ನಲವತ್ತು ರೂಪಾಯಿ ಕಡಿಮೆಯಾದಾಗ ಸ್ಟಾಪ್‌ಲಾಸನ್ನು ಕೆಳಗೆ ಸರಿಸಬೇಕೆಂದು ಕೈ ಹೋಗುತ್ತದೆಯೇ ಎಂಬುದು ಇಲ್ಲಿ ತಿಳಿಯುತ್ತದೆ. ನಲವತ್ತು ರೂಪಾಯಿಗೆ ಹೋದ ಕೈ ಮೂರು ಸಾವಿರಕ್ಕೆ ಖಂಡಿತ ಹೋಗುತ್ತದೆ.

ಆರು ಲಕ್ಷ ಸಾಕೇ ಎಂದರೆ, ಮಾರ್ಜಿನ್‌ಗೆ ಸಾಕು. ಆದರೆ ಅದು ನಿಮ್ಮ ಯಾವ ಆರು ಲಕ್ಷ ಎಂಬುದು ನನಗೆ ಮುಖ್ಯ. ಫೆಬ್ರವರಿ ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್‌ಗೆ ಡೀಸೆಲ್ ಬೇಕು, ಕೊಯ್ಲಿನ ಸಮಯಕ್ಕೆ ವಾರ ವಾರ ಬಟವಾಡೆ ಕೊಡಬೇಕು. ಆ ಹಣ ಬ್ರೋಕರಿನ ಖಾತೆಯಲ್ಲಿದ್ದರೆ, ಸೋತ ದಿನ ಅದನ್ನು ಬಟವಾಡೆಯ ದಿನದೊಳಗೆ ಗೆದ್ದುಬಿಡಬೇಕೆಂಬ ಅವಸರ ಹುಟ್ಟುತ್ತದೆ. 2024ರ ಜೂನ್ 4ರಂದು, ಚುನಾವಣಾ ಫಲಿತಾಂಶದ ದಿನ, ನಿಫ್ಟಿ ಒಂದೇ ದಿನದಲ್ಲಿ 1,379 ಪಾಯಿಂಟ್ ಇಳಿದು 21,884ಕ್ಕೆ ಮುಗಿಯಿತು. 75ರ ಲಾಟಿಗೆ ಅದು ಒಂದು ಲಕ್ಷದ ಮೂರು ಸಾವಿರ ರೂಪಾಯಿ. ಇಂಟ್ರಾಡೇ ಮಾತ್ರ ಎನ್ನುವವರಲ್ಲೂ, ನಷ್ಟದಲ್ಲಿದ್ದಾಗ ನಾಳೆ ನೋಡೋಣ ಎಂದು ಉಳಿಸಿಕೊಳ್ಳುವವರು ಬಹಳ ಮಂದಿ. ನಾನೂ ಉಳಿಸಿಕೊಂಡವನೇ, ಆ ದಿನವಲ್ಲ, ಅದಕ್ಕಿಂತ ಹಿಂದೆ.

ಓದಲು ಬೇಕೆಂದರೆ ಎನ್‌ಐಎಸ್‌ಎಂ ಎಂಬ, ಸೆಬಿಯ ತರಬೇತಿ ಸಂಸ್ಥೆಯ ಎಂಟನೇ ಸರಣಿಯ ಈಕ್ವಿಟಿ ಡೆರಿವೇಟಿವ್ಸ್ ಪರೀಕ್ಷೆಯ ಪಠ್ಯ ಓದಿ. ಮಾರ್ಜಿನ್, ದಿನದಿನದ ಲಾಭ ನಷ್ಟದ ಇತ್ಯರ್ಥ, ಫ್ಯೂಚರ್ಸ್ ಬೆಲೆ ನಿಫ್ಟಿಗಿಂತ ಏಕೆ ಹೆಚ್ಚಿರುತ್ತದೆ ಎಂಬುದೆಲ್ಲ ಅದರಲ್ಲಿದೆ. ಹಣ ಕಟ್ಟಿ ಸೇರುವ ತರಗತಿಗಳ ಬಗ್ಗೆ ಒಂದೇ ಮಾತು: ಶಿಕ್ಷಣದ ಹೆಸರಿನಲ್ಲಿ ಕಲಿಸುವವರು ಕಳೆದ ಮೂರು ತಿಂಗಳ ಬೆಲೆಗಳನ್ನು ಬಳಸಿ ಯಾವ ಷೇರಿನ ಬಗ್ಗೆಯೂ ಹೇಳುವಂತಿಲ್ಲವೆಂದು ಸೆಬಿ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ನಡೆಯುತ್ತಿರುವ ಮಾರುಕಟ್ಟೆಯಲ್ಲಿ ಕೊಳ್ಳಿ, ಮಾರಿ ಎಂದು ಹೇಳುವವರ ಬಳಿ ಸೆಬಿಯ ನೋಂದಣಿ ಸಂಖ್ಯೆ ಕೇಳಿ.

ಮಡಿಕೇರಿ ಲೆಕ್ಕಿಗ

ತೆರಿಗೆಯ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಸೇರಿಸುತ್ತೇನೆ. ಫ್ಯೂಚರ್ಸ್ ಲಾಭ ನಷ್ಟ ವ್ಯಾಪಾರದ ಆದಾಯವಾಗುತ್ತದೆ, ಐಟಿಆರ್-3 ನಮೂನೆಯ ರಿಟರ್ನ್ ಸಲ್ಲಿಸಬೇಕು. ಚೆರಿಯನ್ನು ಒಣಗಿಸಿ ಹಾಗೆಯೇ ಮಾರಿದರೆ ಅದು ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆ ಕಾರಣಕ್ಕಾಗಿಯೇ ಫ್ಯೂಚರ್ಸ್ ನಷ್ಟವನ್ನು ಅದರ ಎದುರು ಕಳೆದುಕೊಳ್ಳಲು ಬರುವುದಿಲ್ಲ. ಸ್ವಂತ ಕಾಫಿಯನ್ನು ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಬೇಳೆ ಮಾಡಿ) ಮಾರಿದರೆ ಮಾತ್ರ ಆ ಆದಾಯದ ಶೇಕಡಾ 25 ವ್ಯಾಪಾರದ್ದೆಂದು ಪರಿಗಣನೆಯಾಗುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40. ಹೋಂಸ್ಟೇ ನಡೆಸುವವರು ಆ ವ್ಯಾಪಾರದ ಲಾಭದ ಎದುರು ಫ್ಯೂಚರ್ಸ್ ನಷ್ಟವನ್ನು ಕಳೆಯಬಹುದು, ಸಂಬಳದ ಎದುರು ಕಳೆಯುವಂತಿಲ್ಲ. ಉಳಿದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಮಾತ್ರ. ಇನ್ನೊಂದು ವಿಷಯ: ನಿಫ್ಟಿ ಬೀಸ್‌ನಲ್ಲಿ ಅದೇ ದಿನ ಕೊಂಡು ಮಾರಿದ್ದು ಸಟ್ಟಾ ವ್ಯಾಪಾರವೆಂದು ಬೇರೆ ಗುಂಪಿಗೆ ಸೇರುತ್ತದೆ. ಮೊತ್ತ ಎಷ್ಟೇ ಚಿಕ್ಕದಾದರೂ ಅದರ ಲೆಕ್ಕವನ್ನು ಪ್ರತ್ಯೇಕವಾಗಿ ಇಡಿ.

ಸುಂಟಿಕೊಪ್ಪದ ಬೆಳೆಗಾರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿ, ಮನೆಯವಳಿಗೂ ಓದಿ ಹೇಳಿದೆ. ನಾಲ್ಕೂವರೆ ಲಕ್ಷವನ್ನು ಬಟವಾಡೆಗೂ ಸ್ಪ್ರಿಂಕ್ಲರಿಗೂ ಎಂದು ಅವಳ ಹೆಸರಿನಲ್ಲಿ ಠೇವಣಿ ಇಡುವುದೆಂದು ತೀರ್ಮಾನವಾಯಿತು. ಉಳಿದ ಹಣಕ್ಕೆ ಒಂದು ಲಾಟಿನ ಮಾರ್ಜಿನ್ನೇ ಸಾಲದು, ಆದ್ದರಿಂದ ಫ್ಯೂಚರ್ಸ್ ಈ ವರ್ಷಕ್ಕಿಲ್ಲ. ನೋಟ್ ಪುಸ್ತಕಕ್ಕೆ ಹೊಸ ಗೆರೆ ಎಳೆದಿದ್ದೇನೆ: ಕಾರಣ, ಒಳಬಂದ ಬೆಲೆ, ಸ್ಟಾಪ್‌ಲಾಸ್, ಹೊರಬಂದ ಬೆಲೆ, ಖರ್ಚು, ಕೈಗೆ ಬಂದದ್ದು. ಕೊಯ್ಲು ಶುರುವಾಗುವ ತನಕ ದಿನಕ್ಕೆ ಒಂದು ಸಾಲು ಬರೆಯುತ್ತೇನೆ. ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆದ ಕೂಡಲೇ ಬೆಲೆ ಹಾರುತ್ತದಲ್ಲ, ಆ ಸಮಯದ ಕಾರಣವನ್ನು ಹೇಗೆ ಬರೆಯಬೇಕೆಂಬುದು ಮಾತ್ರ ತಿಳಿಯಲಿಲ್ಲ.

ಕುಶಾಲನಗರ ವಾಸಿ

ಆ ಹೊತ್ತಿನಲ್ಲಿ ಏನನ್ನೂ ಕೊಳ್ಳಬೇಡಿ, ಮಾರಲೂ ಬೇಡಿ. 9.15ರಿಂದ 9.30ರವರೆಗಿನ ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಪುಟದ ತಲೆಯ ಮೇಲೆ ಬರೆದಿಡಿ. ಅವೆರಡನ್ನು ಬೆಲೆ ಯಾವಾಗ ದಾಟಿತು, ದಾಟಿ ನಿಂತಿತೋ ಮರಳಿತೋ ಎಂದು ಇಪ್ಪತ್ತು ದಿನ ನೋಡಿ, ಆ ಇಪ್ಪತ್ತು ಪುಟಗಳನ್ನು ಇಲ್ಲಿ ಹಾಕಿ. ಒಟ್ಟಿಗೆ ಓದೋಣ.